ಇಬ್ಬರೂ ಒಪ್ಪಬೇಕಾದ ಮಷಿನ್ನು

ಮೂರನೇ ತಾರೀಖು, ಮಂಗಳವಾರ

ಇವತ್ತು ಮಾವ ಎರಡು ಸಲ ಸೀಟಿ ಊದಿದರು. ಮೂವತ್ತು ವರ್ಷ ಶಾಲಾ ಮೈದಾನದಲ್ಲಿ ಮಕ್ಕಳನ್ನು ಓಡಿಸಿ ನಿವೃತ್ತರಾದವರು. ಸೀಟಿ ಮಾತ್ರ ಇನ್ನೂ ಕೊರಳಲ್ಲೇ ಇದೆ. ಟೀ ಬೇಕಾದರೆ ಒಂದು ಸಲ, ಮನೆಯಲ್ಲಿ ಜಗಳವಾದರೆ ಎರಡು ಸಲ.

ಜಗಳ ಮುಸುರೆ ಬಕೆಟ್ಟಿನದು. ನಮ್ಮದು ನಾಲ್ಕನೇ ಮಹಡಿ, ಲಿಫ್ಟು ಕೆಟ್ಟು ಕೂತಿದೆ. ಸಿಪ್ಪೆ, ಟೀ ಸೊಪ್ಪು, ಮೊಟ್ಟೆ ಚಿಪ್ಪು, ತಟ್ಟೆಯಲ್ಲಿ ಮಿಕ್ಕಿದ್ದು ಎಲ್ಲ ತುಂಬಿದ ಬಕೆಟ್ಟನ್ನು ಎಂಬತ್ತೆರಡು ಮೆಟ್ಟಿಲು ಇಳಿಸಬೇಕು. ಇವತ್ತಿನ ಸರದಿ ಅವಳದು. ಅವಳು ಅಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಬಾಯಲ್ಲಿ ಅಕ್ಕ ಅನ್ನುತ್ತೇನೆ, ಇಲ್ಲಿ ಮಹಾರಾಣಿ ಎಂದೇ ಬರೆಯುತ್ತೇನೆ. ಇದನ್ನು ಯಾರು ಓದಬೇಕು!

ಬೆಳಿಗ್ಗೆ ಮಹಾರಾಣಿ ಕಿಟಕಿ ಕಡೆ ಮುಖ ಮಾಡಿ ಕ್ಯಾರೆಟ್ ಹೆಚ್ಚುತ್ತಿದ್ದಳು. "ಅಕ್ಕಾ, ಇವತ್ತು ಬಕೆಟ್ ನಿಮ್ಮದಲ್ವಾ?" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದೆ. ಚಾಕು ಟಕ್ ಟಕ್ ಎನ್ನುತ್ತಲೇ ಇತ್ತು. ಮದುವೆಯಾಗಿ ಬಂದು ಎರಡು ವರ್ಷ ಇದೇ ಆಯಿತು. ಹತ್ತು ಮಾತಾಡಿದರೆ ಒಂಬತ್ತಕ್ಕೆ ಉತ್ತರವಿಲ್ಲ, ಹತ್ತನೆಯದಕ್ಕೆ ಒಂದು ಪಿಸುಮಾತು. ಹಾಗಂತ ಕಿವಿಗೇನೂ ಆಗಿಲ್ಲ. ಮಾವ ಮೂರು ಕೋಣೆಯಾಚೆಯಿಂದ ಸೀಟಿ ಊದಿದರೆ ಟೀ ಹಿಡಿದು ಹಾಜರ್! ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುತ್ತಾಳೆ. ಬಟ್ಟೆ ಕೊಡಲು ಬಂದವರ ಜೊತೆ ಹೊಲಿಗೆ ಮಷಿನ್ ಕಟಕಟ ತುಳಿಯುತ್ತಲೇ ನಗು, ಹರಟೆ. ನಾನು ಮಾತ್ರ ಗೋಡೆ. ಜಂಭ ಕಣೇ, ಅಪ್ಪಟ ಜಂಭ.

ಇವತ್ತು ತಡೆಯಲಾಗದೆ ಕಿರುಚಿಬಿಟ್ಟೆ. ಅವಳೂ ತಿರುಗಿ ಕಣ್ಣು ಕೆಕ್ಕರಿಸಿದಳು. ಆಗಲೇ ಸೀಟಿ.

"ನೋಡ್ರಮ್ಮಾ," ಎಂದರು ಮಾವ, ಮೈದಾನದ ಆ ತುದಿಗೂ ಮುಟ್ಟುವ ದನಿಯಲ್ಲಿ. "ಸಿಂಕ್ ಕೆಳಗೆ ಕೂರಿಸೋ ಮಷಿನ್ ಬಂದಿದೆಯಂತೆ. ಮುಸುರೆ ಅದರ ಬಾಯಿಗೆ ಹಾಕಿ ನಲ್ಲಿ ಬಿಟ್ರೆ ನುಣ್ಣಗೆ ಅರೆದು ಪೈಪಿಗೆ ಕಳಿಸಿಬಿಡುತ್ತೆ. ನಾನು ಕೊಡಿಸ್ತೀನಿ. ಆದ್ರೆ ಆರಿಸೋದು ನೀವಿಬ್ರೂ. ಇಬ್ರೂ ಒಪ್ಪಿದ್ದೇ ಬರಬೇಕು. ಒಪ್ಪದಿದ್ರೆ ಬಕೆಟ್ಟೇ ಗತಿ!"

ನಾನು ಒಳಗೊಳಗೇ ನಕ್ಕೆ. ಮಷಿನ್ ಬರುವಷ್ಟರಲ್ಲಿ ನಾನೇ ಇಲ್ಲಿ ಇರುವುದಿಲ್ಲವಲ್ಲ! ಎರಡು ಬೀದಿ ಆಚೆ ಒಂದು ಮನೆ ನೋಡಿಟ್ಟಿದ್ದೇನೆ. ನೆಲಮಹಡಿ, ಒಂದೇ ಒಂದು ಅಡುಗೆಮನೆ, ಅದರಲ್ಲಿ ನಾನೊಬ್ಬಳೇ. ಇಪ್ಪತ್ತೈದರೊಳಗೆ ಹೂಂ ಅನ್ನಬೇಕು ಎಂದಿದ್ದಾರೆ ಒಡತಿ. ನಮ್ಮವರನ್ನು ಕೇಳಿದರೆ "ನಿನ್ನಿಷ್ಟ" ಎಂದು ಮಗ್ಗುಲು ಬದಲಿಸಿದರು. ಇಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಏಳು, ಶನಿವಾರ

ಅಬ್ಬಬ್ಬಾ, ಎಂಥ ಅಂಗಡಿ! ಹತ್ತು ಸಿಂಕುಗಳು ಸಾಲಾಗಿ, ಪ್ರತಿಯೊಂದರ ಕೆಳಗೂ ಒಂದೊಂದು ಮಷಿನ್, ಗುಂಡಗೆ, ಹೊಟ್ಟೆ ಉಬ್ಬಿಸಿಕೊಂಡು. ತೋರಿಸುವವರು ಪೊದೆ ಮೀಸೆಯ ಒಬ್ಬ ಮಹಾಶಯರು. ಅವರಿಗೆ ಮಷಿನ್ನುಗಳ ಮೇಲೆ ಮಕ್ಕಳ ಮೇಲಿರುವಷ್ಟು ಅಕ್ಕರೆ. "ಇದಕ್ಕೆ ಕೋಳಿ ಮೂಳೆ ಕೊಡಿ ಮೇಡಂ, ಹೇಗೆ ತಿನ್ನುತ್ತೆ ನೋಡಿ!" ಎಂದು ತಾವೇ ಒಂದು ಮೂಳೆ ಹಾಕಿದರು. ಕಟಕಟಕಟ, ಗರ್ರ್, ಮಾಯ! ನಾನು ಚಪ್ಪಾಳೆ ತಟ್ಟಿಬಿಟ್ಟೆ. ಪಕ್ಕದ ಸಿಂಕಿಗೆ ನಿಂಬೆ ಸಿಪ್ಪೆ, ಅದರ ಪಕ್ಕದ್ದಕ್ಕೆ ಆಲೂಗಡ್ಡೆ. ಮೀಸೆಯವರ ಪೆನ್ನಿನ ಮುಚ್ಚಳವೂ ಒಂದರೊಳಗೆ ಬಿತ್ತು, ಅದು ಮಾತ್ರ ಅಪಘಾತ.

ನನಗೆ ಒಂದು ಮಷಿನ್ ನೋಡಿದ ತಕ್ಷಣ ಮನಸ್ಸಾಯಿತು. ಮೈಗೆಲ್ಲ ರಬ್ಬರಿನ ಹೊದಿಕೆ, ಓಡಿದರೆ ಬೆಕ್ಕು ಗುರುಗುಟ್ಟಿದಷ್ಟೇ ಸದ್ದು. ದಿನವಿಡೀ ಕಿವಿ ಆಸ್ಪತ್ರೆಯ ನಿಶ್ಶಬ್ದ ಕೋಣೆಯಲ್ಲಿ ಕೂತು ಜನರ ಕಿವಿಗೆ ಸಣ್ಣ ಸಣ್ಣ ಸದ್ದು ಬಿಟ್ಟು ಪರೀಕ್ಷೆ ಮಾಡುವವಳು ನಾನು. ಮನೆಯಲ್ಲಿ ಗಲಾಟೆ ಯಾರಿಗೆ ಬೇಕು?

ಮಹಾರಾಣಿ ಆರಿಸಿದ್ದು ಯಾವುದು ಗೊತ್ತೇ? ಅಂಗಡಿಯಲ್ಲೇ ಅತ್ಯಂತ ಗದ್ದಲದ್ದು! ರಸ್ತೆ ಅಗೆಯುವ ಯಂತ್ರವನ್ನು ಅಡುಗೆಮನೆಗೆ ತಂದ ಹಾಗೆ. "ಇದೇ ಇರಲಿ. ಓಡ್ತಾ ಇದೆ ಅಂತ ಗೊತ್ತಾಗುತ್ತೆ. ಅದೇನದು, ಓಡ್ತೋ ನಿಂತೋ ಒಂದೂ ತಿಳಿಯಲ್ಲ," ಎಂದಳು. ಬೇಕೆಂದೇ ನನ್ನ ಕಾಲೆಳೆಯಲು!

ಆದರೂ ಒಂದು ಸೋಜಿಗ. ಹತ್ತು ಮಷಿನ್ನುಗಳ ಆ ಗದ್ದಲದಲ್ಲಿ ಮೀಸೆಯವರೂ ಕೂಗುತ್ತಿದ್ದರು, ನಾನೂ ಕೂಗುತ್ತಿದ್ದೆ, ಮಹಾರಾಣಿ ಮಾತ್ರ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು! ಮೋಟಾರು ಎಷ್ಟು ವರ್ಷ ಬಾಳುತ್ತದೆ, ನಾರು ಸಿಕ್ಕಿಕೊಂಡರೆ ಏನು ಮಾಡಬೇಕು, ನಮ್ಮ ಸಿಂಕಿನ ತೂತಿಗೆ ಕೂರುತ್ತದೆಯೇ, ಒಂದೊಂದೂ ಚೂಪಾದ ಪ್ರಶ್ನೆ. ನಾನು ಹೇಳಿದ ಒಂದು ಜೋಕಿಗೆ ನಕ್ಕಳು ಕೂಡ. ಹಲ್ಲು ಚೆನ್ನಾಗಿವೆ. ನನ್ನ ಮಾತಿಗೆ ಅವು ಕಂಡಿದ್ದು ಎರಡು ವರ್ಷದಲ್ಲಿ ಇವತ್ತೇ.

ಎಂಟು, ಭಾನುವಾರ

ಮನೆಯಲ್ಲಿ ಮತ್ತೆ ಕಲ್ಲು. ಎರಡು ಸಲ ಮಾತಾಡಿಸಿದೆ. ಹೋಗಲಿ ಬಿಡು.

ಹನ್ನೊಂದು, ಬುಧವಾರ

ಕಂಡುಹಿಡಿದೆ, ಕಂಡುಹಿಡಿದೆ! ಮಹಾರಾಣಿಯ ಬಾಯಿಗೆ ಬೀಗದ ಕೈ ನಮ್ಮ ಹಳೇ ಮಿಕ್ಸಿ!

ಸಂಜೆ ಮೆಣಸು ಪುಡಿ ಮಾಡಲು ಮಿಕ್ಸಿ ಹಾಕಿದ್ದೆ. ಆ ಗರಗಸದ ಸದ್ದಿನ ಮಧ್ಯೆ ಸುಮ್ಮನೆ, ಅವಳಿಗೆಂದೂ ಅಲ್ಲ, "ಥೂ, ಈ ಮುಚ್ಚಳ ಯಾವತ್ತೂ ಸರಿಯಾಗಿ ಕೂರಲ್ಲ!" ಎಂದು ಕೂಗಿದೆ. ಹಿಂದಿನಿಂದ ಉತ್ತರ ಬಂತು: "ಎಡಕ್ಕೆ ತಿರುಗಿಸಿ ಒತ್ತಬೇಕು ಕಣೇ, ಅತ್ತೆ ಕಾಲದಿಂದ ಅದಕ್ಕೆ ಹಟ." ಆಮೇಲೆ ಇನ್ನೂ ಏನೇನೋ ಹೇಳಿದಳು. ತೀರಿಹೋದ ಅತ್ತೆ ಆ ಮಿಕ್ಸಿಗೆ ಹೆಸರಿಟ್ಟು ಬೈಯುತ್ತಿದ್ದರಂತೆ! ಒಮ್ಮೆ ಮುಚ್ಚಳ ಹಾರಿ ಮಾವನ ಬೋಳುತಲೆಗೆ ಟೊಮೆಟೊ ಅಭಿಷೇಕವಾಗಿ, ಅವರು ಎರಡು ಸೀಟಿ ಊದಿದರಂತೆ! ನಗು ತಡೆಯಲಾಗದೆ ನಾನು ನೆಲಕ್ಕೆ ಕೂತೆ.

ಮೆಣಸು ಯಾವಾಗಲೋ ನುಣ್ಣಗಾಗಿತ್ತು. ನಿಲ್ಲಿಸಿದೆ. ಅವಳೂ ನಿಂತಳು. ನಾನು ಏನೋ ಅಂದೆ, ಮತ್ತೆ ಅದೇ ಕಿಟಕಿ, ಅದೇ ಬೆನ್ನು. ಇದೆಂಥ ಹುಚ್ಚು! ಮಾವನಿಗೆ ಕೇಳದಿರಲಿ ಎಂದು ಸದ್ದಿನ ಮರೆಯಲ್ಲಿ ಮಾತಾಡುತ್ತಾಳೋ ಏನೋ.

ಹದಿಮೂರು, ಶುಕ್ರವಾರ

ಈ ಎರಡು ದಿನದಲ್ಲಿ ನಾನು ಪುಡಿ ಮಾಡಿದ್ದು: ಮೆಣಸು, ಸಕ್ಕರೆ, ಒಣ ಬ್ರೆಡ್ಡು, ಮತ್ತೆ ಸಕ್ಕರೆ. ನಮ್ಮವರು ಡಬ್ಬಿ ತೆರೆದು ನೋಡಿ, "ಮನೇಲಿ ಯಾರಾದ್ರೂ ಬೇಕರಿ ಇಡ್ತಾ ಇದ್ದೀರಾ?" ಎಂದರು.

ಇವತ್ತು ಸಕ್ಕರೆಯ ಹೊತ್ತಿಗೆ ಅಕ್ಕ ಹೇಳಿದ್ದು: ಅವರಿಗೆ ಹೊಲಿಗೆ ಕಲಿಸಿದ್ದು ಅವರ ಚಿಕ್ಕಮ್ಮನಂತೆ. ಮುಂದೆ ಏನೋ ಹೇಳಲು ಹೋಗಿ ನುಂಗಿಕೊಂಡರು. ಸಕ್ಕರೆ ಮುಗಿದುಹೋಯಿತು, ಕೇಳಲಾಗಲಿಲ್ಲ. ನಾಳೆ ಅಂಗಡಿಗೆ ಹೋದಾಗ ಕೇಳಬೇಕು.

ಹದಿನಾಲ್ಕು, ಶನಿವಾರ

ಸೋತೆ! ಖುಷಿಯಿಂದ ಸೋತೆ! ಗದ್ದಲದ ಮಷಿನ್ನಿಗೇ ಹೂಂ ಅಂದುಬಿಟ್ಟೆ.

ಯಾಕೆಂದು ಇಲ್ಲಿ ಬರೆಯಲು ಸಂಕೋಚವಿಲ್ಲ. ದಿನಕ್ಕೆ ಮೂರು ಸಲ ಆ ಮಷಿನ್ ಓಡಿಸಿದರೆ ದಿನಕ್ಕೆ ಮೂರು ಸಲ ಅಕ್ಕ ಮಾತಾಡುತ್ತಾರೆ. ಸಕ್ಕರೆ ಖರ್ಚೂ ಇಲ್ಲ. ಮೀಸೆಯವರಿಗೆ "ಇದೇ ಬರಲಿ" ಎಂದು ಗಟ್ಟಿಯಾಗಿ ಹೇಳಿದೆ. ಅಷ್ಟರಲ್ಲಿ ಅಕ್ಕ, "ಬೇಡ ಸ್ವಾಮಿ, ಇವಳಿಗೆ ದಿನವಿಡೀ ಕಿವಿ ಕೆಲಸ. ಆ ರಬ್ಬರಿನದೇ ಇರಲಿ," ಎಂದರು! ನಾನು ಗದ್ದಲದ್ದು ಅಂದೆ, ಅವರು ಮೆತ್ತನೆಯದು ಅಂದರು. ಕಳೆದ ವಾರ ಹೇಗೆ ಜಗಳವಾಡಿದೆವೋ ಅಷ್ಟೇ ಜೋರಾಗಿ ಈ ಕಡೆಯವರು ಆ ಕಡೆ, ಆ ಕಡೆಯವರು ಈ ಕಡೆ ಆಗಿ ಜಗಳವಾಡಿದೆವು. ಮೀಸೆಯವರು ಹಣೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ಇಬ್ಬರೂ ಒಪ್ಪಿಲ್ಲವಾದ್ದರಿಂದ ಮಾವನ ಕಾಯಿದೆ ಪ್ರಕಾರ ಬಕೆಟ್ಟೇ ಗತಿ. ಇವತ್ತಿನ ಸರದಿ ನನ್ನದಾಗಿತ್ತು. ಇಬ್ಬರೂ ಒಂದೊಂದು ಕಡೆ ಹಿಡಿದು ಇಳಿಸಿದೆವು.

ಹದಿನೇಳು, ಮಂಗಳವಾರ

ಆಸ್ಪತ್ರೆಯಿಂದ ಬಂದವಳೇ ಬರೆಯಲು ಕೂತೆ. ಅಕ್ಷರ ಸೊಟ್ಟಗಾದರೆ ಆಗಲಿ.

ಇವತ್ತು ಆಸ್ಪತ್ರೆಗೆ ಒಬ್ಬ ಮಗ್ಗದ ಕಾರ್ಖಾನೆಯಾತ ಬಂದಿದ್ದ. "ಮೇಡಂ, ವಿಚಿತ್ರ ಕಾಯಿಲೆ ನಂದು. ಕಾರ್ಖಾನೆ ಗದ್ದಲದಲ್ಲಿ ಎಲ್ಲರ ಮಾತೂ ಕೇಳುತ್ತೆ. ಮನೆಗೆ ಹೋದ್ರೆ ಹೆಂಡ್ತಿ ಮಾತೇ ಕೇಳಲ್ಲ," ಎಂದ. ಹೊರಗೆ ಕೂತವರೆಲ್ಲ ನಕ್ಕರು. ನಾನು ನಗಲಿಲ್ಲ, ದೊಡ್ಡ ಪಂಡಿತೆಯ ಹಾಗೆ ವಿವರಿಸಿದೆ. ಕಿವಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕ ಮೂಳೆಯೊಂದಿದೆಯಪ್ಪ, ಅದು ಬಿಗಿದುಕೊಂಡರೆ ಹೀಗಾಗುತ್ತದೆ. ಗದ್ದಲದಲ್ಲಿ ಎಲ್ಲರೂ ಕೂಗಿ ಮಾತಾಡುತ್ತಾರೆ, ಆ ಗದ್ದಲ ನಿನ್ನ ಕಿವಿಯನ್ನು ಅಷ್ಟಾಗಿ ಕಾಡುವುದಿಲ್ಲ, ಕೂಗಿದ ಮಾತು ಮಾತ್ರ ಒಳಗೆ ಹೋಗುತ್ತದೆ. ಸೀಟಿಯಂಥ ಕೀಚಲು ಸದ್ದು ಮೊದಮೊದಲು ಚೆನ್ನಾಗಿಯೇ ಕೇಳುತ್ತದೆ. ನಿನ್ನ ದನಿ ನಿನಗೆ ದೊಡ್ಡದಾಗಿ ಕೇಳುವುದರಿಂದ ನೀನು ಮೆಲ್ಲಗೆ, ಪಿಸುಮಾತಿನಲ್ಲಿ...

ಅಲ್ಲಿಗೆ ನನ್ನ ಬಾಯಿ ನಿಂತುಹೋಯಿತು. "ಆಮೇಲೆ ಮೇಡಂ?" ಎಂದು ಆತ ಕೇಳುತ್ತಲೇ ಇದ್ದ.

ಹದಿನೆಂಟು, ಬುಧವಾರ

ಹನ್ನೊಂದು ವರ್ಷದ ಅನುಭವ. ಊರವರ ಕಿವಿಯೆಲ್ಲ ನೋಡಿದೆ. ಮನೆಯವರದಕ್ಕೆ ಜಂಭ ಎಂದು ಹೆಸರಿಟ್ಟೆ. ಕತ್ತೆ ನಾನು, ಕತ್ತೆ, ಕತ್ತೆ.

ಹತ್ತೊಂಬತ್ತು, ಗುರುವಾರ

ಇವತ್ತಿನದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಹುಣ್ಣಾಗುವಷ್ಟು ನಗು, ಒಂದಿಷ್ಟು ಅಳುವೂ.

ಮನೆಯಲ್ಲಿ ಯಾರಿಗೂ ತಿಳಿಯದ ಹಾಗೆ ಅಕ್ಕನನ್ನು ಕೇಳಬೇಕಿತ್ತು. ಮೆಲ್ಲಗೆ ಕೇಳಿದರೆ ಅವರಿಗೆ ಕೇಳುವುದಿಲ್ಲ, ಜೋರಾಗಿ ಕೇಳಿದರೆ ಮನೆಗೆಲ್ಲ ಕೇಳುತ್ತದೆ. ಇದ್ದದ್ದು ಒಂದೇ ದಾರಿ. ಅಡುಗೆಮನೆ ಬಾಗಿಲು ಮುಂದೆ ಮಾಡಿ, ಖಾಲಿ ಮಿಕ್ಸಿ ಹಾಕಿ, ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದೆ: "ಅಕ್ಕಾ, ನಿಜ ಹೇಳಿ, ಕಿವಿ ಸರಿಯಾಗಿ..."

ಫಟ್! ಕರೆಂಟು ಹೋಯಿತು. ಮಿಕ್ಸಿ ಬಾಯಿ ಮುಚ್ಚಿತು. ನನ್ನ ಬಾಯಿ ಮುಚ್ಚಲಿಲ್ಲ.

"...ಕೇಳಲ್ಲ ಅಲ್ವಾ!"

ಆ ನಿಶ್ಶಬ್ದದಲ್ಲಿ ಅದು ನಾಲ್ಕೂ ಮಹಡಿಗೆ ಕೇಳಿರಬೇಕು. ಹಾಲಿನಿಂದ ಮಾವನ ದನಿ ಬಂತು: "ಯಾರಿಗಮ್ಮಾ ಕಿವಿ ಕೇಳಲ್ಲ?"

ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ನನ್ನನ್ನು ನೋಡಿದ ನೋಟ ನೋಡಲಾರದೆ ನನ್ನ ಬಾಯಿಂದ ತಾನಾಗಿ ಬಂತು: "ನನಗೇ ಮಾವಾ! ನನಗೇ ಕೇಳಲ್ಲ!"

ಮಾವ ಓಡಿ ಬಂದರು. ಹಿಂದೆಯೇ ನಮ್ಮವರು. "ಯಾವಾಗಿಂದಮ್ಮ? ಅಲ್ಲಮ್ಮ, ಕಿವಿ ಆಸ್ಪತ್ರೇಲೇ ಕೆಲಸ ಮಾಡ್ಕೊಂಡು ತೋರಿಸ್ಕೊಳ್ಳೋಕೆ ಆಗಲಿಲ್ವಾ?" ಎಂದು ಮಾವ ನನ್ನ ಕಿವಿಯೊಳಗೇ ಕೂಗಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ನೀನೇ ಕರ್ಕೊಂಡು ಹೋಗು ಇವಳನ್ನ. ಒಬ್ಬಳೇ ಬಿಡಬೇಡ, ರಸ್ತೇಲಿ ಗಾಡಿ ಹಾರನ್ ಕೇಳದೆ ಏನಾದ್ರೂ ಮಾಡ್ಕೊಂಡಾಳು!" ಎಂದು ಅಪ್ಪಣೆ ಮಾಡಿ ಒಂದು ಸೀಟಿ ಊದಿದರು.

ಅವರು ಹೋದ ಮೇಲೆ ಅಕ್ಕ ಗೋಡೆಗೆ ಒರಗಿ ನಗಲು ಶುರುಮಾಡಿದರು. ಸದ್ದಿಲ್ಲದ ನಗು, ಮೈಯೆಲ್ಲ ಕುಲುಕುವ ನಗು. ನಗುತ್ತಲೇ ಕಣ್ಣಲ್ಲಿ ನೀರು. ನಾನೂ ಶುರುಮಾಡಿದೆ. ಯಾವುದು ಯಾರ ನಗು, ಯಾವುದು ಯಾರ ಅಳು, ದೇವರಿಗೇ ಗೊತ್ತು.

ಇಪ್ಪತ್ತು, ಶುಕ್ರವಾರ

ಮನೆಯವರೆಲ್ಲ ನನ್ನ ಜೊತೆ ಕೂಗಿ ಮಾತಾಡುತ್ತಿದ್ದಾರೆ. ನಮ್ಮವರು ಕೈಸನ್ನೆ ಮಾಡಿ ಉಪ್ಪು ಕೇಳಿದರು. ದೂರದ ರೂಟಿನ ಬಸ್ಸು ಓಡಿಸುವ ಭಾವ ಮೂರು ದಿನದ ಮೇಲೆ ಮನೆಗೆ ಬಂದವರು, ವಿಷಯ ತಿಳಿದು, ನನ್ನ ತಲೆ ಸವರಿ "ಧೈರ್ಯವಾಗಿರಮ್ಮ" ಎಂದು ಬಸ್ ನಿಲ್ದಾಣದ ದನಿಯಲ್ಲಿ ಹೇಳಿದರು. ತಲೆ ಸಿಡಿಯುತ್ತಿದೆ. ಇವರೆಲ್ಲ ಕೂಗುವುದರಿಂದ ಅಕ್ಕನಿಗೆ ಮಾತ್ರ ಎಲ್ಲವೂ ಚೆನ್ನಾಗಿ ಕೇಳುತ್ತಿದೆ! ಊಟದ ಹೊತ್ತಿಗೆ ಎಲ್ಲರ ಮಾತಿಗೂ ಉತ್ತರ ಕೊಟ್ಟರು. "ಇವತ್ತು ಏನಮ್ಮ, ಬಾಯಿ ಬಂದಿದೆ!" ಎಂದು ಮಾವನಿಗೆ ಆಶ್ಚರ್ಯ.

ಇಪ್ಪತ್ತೊಂದು, ಶನಿವಾರ

ನನ್ನನ್ನು "ಕರೆದುಕೊಂಡು" ಅಕ್ಕ ಆಸ್ಪತ್ರೆಗೆ ಬಂದರು. ಸದ್ದು ನುಗ್ಗದ ಕೋಣೆಯ ಬಾಗಿಲಲ್ಲಿ ನಿಂತು, "ನೀನೇ ಮಾಡ್ತೀಯಾ? ಬೇರೆಯವರು ಬೇಡ," ಎಂದರು. ಕೂರಿಸಿದೆ. ಹೆಡ್‌ಫೋನ್ ಹಾಕಿದೆ. ಕೂದಲು ಸಿಕ್ಕಿಕೊಂಡಿತ್ತು, ಬಿಡಿಸಿದೆ. ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದು ದಿನಕ್ಕೆ ಮೂವತ್ತು ಜನಕ್ಕೆ ಹೇಳುವ ಮಾತು, ಇವತ್ತು ಎರಡೆರಡು ಸಲ ಹೇಳಿದೆ.

ಗಾಜಿನ ಈಚೆ ಕೂತು ಸದ್ದು ಬಿಟ್ಟೆ. ಅವರು ಒತ್ತಲಿಲ್ಲ. ಏರಿಸಿದೆ. ಒತ್ತಲಿಲ್ಲ. ಇನ್ನೂ ಏರಿಸಿದೆ. ಕಣ್ಣು ಮುಚ್ಚಿಕೊಂಡು, ಮಗು ಪಾಠ ನೆನಪಿಸಿಕೊಳ್ಳುವ ಹಾಗೆ ಹುಬ್ಬು ಗಂಟಿಕ್ಕಿ ಕಾಯುತ್ತಿದ್ದರು. ನಾನು ಮಾಮೂಲಿಗಿಂತ ಎಷ್ಟೋ ಮೇಲೆ ಹೋದಾಗ ಗುಂಡಿಯ ದೀಪ ಹತ್ತಿತು, ಅವರ ಮುಖವೂ ಬೆಳಗಿತು. ನಾನು ಎರಡು ವರ್ಷ ಮಾತಾಡಿದ್ದು ಆ ಸದ್ದಿನ ಮಟ್ಟದ ಕೆಳಗೆ. ಹತ್ತರಲ್ಲಿ ಒಂಬತ್ತು ಮಾತು ಅವರನ್ನು ಮುಟ್ಟಿರಲೇ ಇಲ್ಲ.

ಮುಗಿದ ಮೇಲೆ ಚಿಕ್ಕಮ್ಮನ ಕಥೆ ಪೂರ್ತಿ ಹೇಳಿದರು. ಅವರಿಗೂ ಹೀಗೇ ಆಗಿತ್ತಂತೆ. ಬೀದಿ ಮಕ್ಕಳು ಬೆನ್ನ ಹಿಂದೆ ನಿಂತು ಕೂಗಿ ಓಡುತ್ತಿದ್ದರಂತೆ, ಮನೆಯವರೇ ಅಣಕಿಸಿ ನಗುತ್ತಿದ್ದರಂತೆ. "ನಂಗೆ ಭಯ ಕಣೇ. ಕಿವುಡಿ ಅಂತ ನಗೋದಕ್ಕಿಂತ ಜಂಭಗಾತಿ ಅಂತ ಬೈಯಲಿ ಅಂದ್ಕೊಂಡೆ. ನೀನೂ ಹಾಗೇ ಅಂದ್ಕೊಂಡಿದ್ದೆ ಅಲ್ವಾ?"

"ಹೂಂ ಅಕ್ಕ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಇಪ್ಪತ್ತನಾಲ್ಕು, ಮಂಗಳವಾರ

ನಮ್ಮ ಡಾಕ್ಟರು ನೋಡಿದರು. ಆಪರೇಷನ್ ಮಾಡಬಹುದು, ಅವಸರವಿಲ್ಲ. ಅಲ್ಲಿಯವರೆಗೆ ಕಿವಿಗೆ ಹಾಕುವ ಪುಟ್ಟ ಸಾಧನ. ಎರಡು ಕಿವಿಗೂ ನಾನೇ ಹಾಕಿದೆ. ಅಕ್ಕ ಬೆಚ್ಚಿಬಿದ್ದು ಸುತ್ತ ನೋಡಿದರು. "ಅದೇನು ಸದ್ದು?" ಫ್ಯಾನು ಅಕ್ಕ. "ಇದು?" ನಿಮ್ಮ ಸೀರೆ ಅಕ್ಕ! ದಾರಿಯುದ್ದಕ್ಕೂ ಕಾಗದ ಸರಪರ ಎಂದರೆ ನಿಲ್ಲುವುದು, ಚಪ್ಪಲಿ ಸದ್ದಿಗೆ ನಗುವುದು. ಮನೆಗೆ ಬಂದು ತಾವೇ ಎಲ್ಲರ ಮುಂದೆ ಕೂದಲು ಸರಿಸಿ ಕಿವಿ ತೋರಿಸಿದರು. ಯಾರೂ ನಗಲಿಲ್ಲ. ಮಾವ ಸೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗಿಟ್ಟುಕೊಂಡರು. "ಇನ್ನು ಹೆಸರು ಹಿಡಿದೇ ಕರೀತೀನಿ ಕಣಮ್ಮ," ಎಂದರು.

ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ನಿನ್ನ ಕಿವಿ?" ಎಂದು ಕೂಗಿದರು, ಪಾಪ!

ಇಪ್ಪತ್ತೆಂಟು, ಶನಿವಾರ

ಅಂಗಡಿ. ಮೀಸೆಯವರು ನಮ್ಮನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ಗದ್ದಲದ ಮಷಿನ್ ಹಾಕಿದ್ದೇ ತಡ, ಅಕ್ಕ "ಅಯ್ಯಯ್ಯೋ, ನಿಲ್ಲಿಸ್ರೀ! ಇದನ್ನಾ ನಾನು ಆರಿಸಿದ್ದು?" ಎಂದು ಕಿವಿ ಮುಚ್ಚಿಕೊಂಡು ಬಾಗಿಲವರೆಗೆ ಓಡಿದರು. ರಬ್ಬರ್ ಹೊದಿಕೆಯದೇ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಮೀಸೆಯವರು ನಮ್ಮ ಮನಸ್ಸು ಬದಲಾಗುವ ಮೊದಲೇ ರಶೀದಿ ಹರಿದು ಕೈಗಿಟ್ಟರು.

ಮೂವತ್ತು, ಸೋಮವಾರ

ಮಧ್ಯಾಹ್ನ ಮಷಿನ್ ಕೂರಿಸಿ ಹೋದರು. ಇಡೀ ಮನೆ ಸಿಂಕಿನ ಸುತ್ತ! ಮೊದಲ ಆಲೂಗಡ್ಡೆ ಸಿಪ್ಪೆ ಹಾಕುವ ಗೌರವ ಮಾವನದು. ಗುರುಗುರು ಎಂದು ಎಷ್ಟು ಚೆಂದ ತಿಂದಿತು! ನಮ್ಮವರು ಇನ್ನೇನಾದರೂ ಇದೆಯೇ ಎಂದು ತಾವು ತಿನ್ನುತ್ತಿದ್ದ ಸೇಬನ್ನೇ ಅರ್ಧಕ್ಕೆ ಹಾಕಿದರು. ಎಲ್ಲರೂ ಚದುರಿದ ಮೇಲೆ ನಾವಿಬ್ಬರೇ ಉಳಿದು, ಹಾಕಲು ಏನೂ ಇಲ್ಲದೆ, ಸುಮ್ಮನೆ ನೀರು ಬಿಟ್ಟು ನೋಡುತ್ತಿದ್ದೆವು.

ಆಗ ಫೋನ್ ಬಂತು. ಎತ್ತಿದೆ. "ಏನಮ್ಮಾ, ಇಪ್ಪತ್ತೈದಕ್ಕೆ ಹೇಳ್ತೀನಿ ಅಂದೆ, ಐದು ದಿನ ಕಾದೆ! ಆ ಓರಗಿತ್ತಿ ಜೊತೆ ಒಂದು ದಿನಾನೂ ಇರಲಾರೆ ಅಂತಿದ್ದೆ. ಮನೆ ಬೇಕೋ ಬೇಡ್ವೋ?" ಒಡತಿಯ ದನಿ ಫೋನಿನಿಂದ ಹೊರಗೆಲ್ಲ ಚೆಲ್ಲುತ್ತಿತ್ತು. ನಿಜ ಹೇಳುತ್ತೇನೆ, ಒಂದು ಕ್ಷಣ ಯಾವ ಮನೆ ಎಂದೇ ಹೊಳೆಯಲಿಲ್ಲ. ಬೇಡ ಎಂದು ಫೋನ್ ಇಟ್ಟೆ. ತಿರುಗಿದೆ.

ಅಕ್ಕ ನಲ್ಲಿ ನಿಲ್ಲಿಸಿದ್ದರು. "ಯಾವ ಮನೆ?" ಎಂದರು.

ಅವರು ಉತ್ತರಕ್ಕೂ ಕಾಯಲಿಲ್ಲ. ಎರಡೂ ಕಿವಿಯಿಂದ ಸಾಧನ ತೆಗೆದು ಸಿಂಕಿನ ಕಟ್ಟೆಯ ಮೇಲಿಟ್ಟು, ಕಿಟಕಿ ಕಡೆ ತಿರುಗಿ ನಿಂತರು. ಅದೇ ಬೆನ್ನು. ನಾನು ಆ ಬೆನ್ನಿಗೆ ಎಲ್ಲವನ್ನೂ ಹೇಳಿದೆ. ಜಂಭ ಅಂದುಕೊಂಡಿದ್ದು, ಮಹಾರಾಣಿ ಎಂದು ಬರೆದಿದ್ದು, ಮನೆ ನೋಡಿದ್ದು, ಆಮೇಲೆ ಆ ಮನೆಯನ್ನೇ ಮರೆತಿದ್ದು. ಹೇಳುತ್ತಾ ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತೆ. ಒಂದು ಅಕ್ಷರವೂ ಅವರಿಗೆ ಕೇಳಿಸುತ್ತಿಲ್ಲ ಎಂದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ಕೊನೆಗೆ ಅವರೇ ತಿರುಗಿದರು. ನನ್ನ ಮುಖ ನೋಡಿದರು. ಮೂಗು ಒರೆಸಿಕೋ ಎಂದು ಸನ್ನೆ ಮಾಡಿದರು. ಆಮೇಲೆ ಸಾಧನಗಳನ್ನು ತೆಗೆದುಕೊಂಡು, ಒಂದೊಂದಾಗಿ, ನಿಧಾನವಾಗಿ ಕಿವಿಗೆ ಹಾಕಿಕೊಂಡರು.

"ಹೂಂ, ಈಗ ಹೇಳು," ಎಂದರು. "ಕೂಗಬೇಡ. ಮೆಲ್ಲಗೆ ಹೇಳಿದ್ರೆ ಸಾಕು."

ಅಷ್ಟೊಂದು ಹೇಳಿದ್ದರಲ್ಲಿ ಈಗ ಒಂದೂ ನೆನಪಿಗೆ ಬರಲಿಲ್ಲ. "ಹೋಗಲ್ಲ ಅಕ್ಕ," ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

"ಕೇಳಿಸ್ತು," ಎಂದರು.